ವಾಸಕ್ಕೂ ಆಗುವ, ಸಮುದ್ರಕ್ಕೂ ಇಳಿಯುವ ಸಣ್ಣ ಬೋಟು: ಯಾವುದನ್ನು ನೋಡಲಿ, ಎಲ್ಲಿಂದ ಶುರು ಮಾಡಲಿ?

30 ಅಡಿ ಆಸುಪಾಸಿನ ಹಳೆಯ ಬೋಟು ಕೊಂಡು, ಇಬ್ಬರು ಮಲಗುವ ಜಾಗ, ಸಣ್ಣ ಅಡುಗೆ ಕಟ್ಟೆ, ಒಂದು ಕಕ್ಕಸು ಮಾಡಿಸಿ, ಕಾಸರಗೋಡಿನಿಂದ ಕಾರವಾರದವರೆಗೆ ನಿಧಾನಕ್ಕೆ ಹೋಗಿ ಬರುವ ಆಸೆ ಅಂತ ಬರೆದಿದ್ದೀರಿ. ಯಾವ ಬಗೆಯ ಬೋಟು ಹುಡುಕಬೇಕು ಅಂತ ಕೇಳಿದ್ದೀರಿ. ನಾನು ಕುಂಬಳೆಯವನು, ಉಪ್ಪಳದಲ್ಲಿ ವೈರಿಂಗ್ ಕೆಲಸ. ಭಾವನ ಜೊತೆ ಸೇರಿ 28 ಅಡಿಯ ಫೈಬರ್ ಬೋಟೊಂದನ್ನು ಇದೇ ಆಸೆಯಿಂದ ಕೊಂಡು ಮೂರು ವರ್ಷ ಕೆಲಸ ಮಾಡಿದ್ದೇವೆ. ಅದರಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀಲೇಶ್ವರ, ವಲಿಯಪರಂಬದ ಹಿನ್ನೀರಿನ ಹೌಸ್‌ಬೋಟ್ ನೋಡಿ ಈ ಆಸೆ ಹುಟ್ಟಿದ್ದರೆ, ಆ ಚಿತ್ರವನ್ನು ಮನಸ್ಸಿನಿಂದ ತೆಗೆದುಬಿಡಿ. ಅವುಗಳ ತಳ ಚಪ್ಪಟೆ, ಮೇಲೆ ಎತ್ತರದ ಮನೆ. ನಿಂತ ನೀರಿಗೆ ಅದು ಸರಿ. ಅಳಿವೆ ದಾಟಿದ ಮೇಲೆ ಬದಿಯಿಂದ ಬರುವ ತೆರೆಗೆ ಅದು ಕಟ್ಟಿದ್ದಲ್ಲ.

ನಮ್ಮ ಕೈಗೆಟಕುವುದು ಮೂರು ಬಗೆ. ಒಂದು, ಹಾಯಿದೋಣಿ, ಅಂದರೆ ಯಾಟ್. ಸಮುದ್ರದಲ್ಲಿ ಬದುಕೋಕೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಅವರು ಎಲ್ಲೂ ನಿಲ್ಲದೆ ಭೂಮಿ ಸುತ್ತುವ 2022ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ 236 ದಿನ ಇದ್ದು ಎರಡನೆಯವರಾಗಿ ಬಂದದ್ದು 36 ಅಡಿಯ ಬೋಟಿನಲ್ಲಿ, ರಸ್ಲರ್ 36 ಅನ್ನುವ ಮಾದರಿ ಅದು. ಅಷ್ಟು ಚಿಕ್ಕ ಬೋಟು ಹೇಗೆ ತಡೆಯಿತು? ಅದರ ಒಟ್ಟು ತೂಕ ಏಳೂವರೆ ಟನ್ನಿನ ಹತ್ತಿರ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ತಳದ ಉದ್ದಕ್ಕೂ ನೀರಿನ ಕೆಳಗೆ ಇಳಿದಿರುವ ಭಾರದ ಬೆನ್ನು, ಅಂದರೆ ಕೀಲ್‌ನಲ್ಲೇ ಇದೆ. ಮಗ್ಗುಲಾದರೂ ಆ ಭಾರ ಎದ್ದು ನಿಲ್ಲಿಸುತ್ತದೆ. ಆದರೆ ಅದೇ ಕೀಲ್‌ಗೆ ಐದೂವರೆ ಅಡಿ ಆಳದ ನೀರು ಬೇಕು. ನಮ್ಮ ಶಿರಿಯ, ಕುಂಬಳೆ ಅಳಿವೆಗಳಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಇಳಿತದ ಹೊತ್ತಿಗೆ ಅಲ್ಲಿ ಅಂಥ ಬೋಟು ತರುವುದು ಅಪಾಯ. ಇಂಥ ಬೋಟು ಸಿಕ್ಕಿದರೆ ಅದನ್ನು ನಿಲ್ಲಿಸಲು ಆಳದ ಬಂದರು ಇದೆಯಾ ಅಂತ ಮೊದಲು ನೋಡಿ.

ಎರಡನೆಯದು ಹಳೆಯ ಹಡಗಿನ ಮುಚ್ಚಿದ ಲೈಫ್‌ಬೋಟ್. ಗುಜರಾತಿನ ಆಲಂಗ್‌ನಲ್ಲಿ ಹಡಗು ಒಡೆಯುವಾಗ ಇವು ಹೊರಗೆ ಬರುತ್ತವೆ. ಗಟ್ಟಿ, ಮುಳುಗುವುದಿಲ್ಲ. ಒಳಗಿನವರು ಬೆಲ್ಟ್ ಕಟ್ಟಿ ಕೂತಿದ್ದು ಬಾಗಿಲು ಮುಚ್ಚಿದ್ದರೆ, ಮಗುಚಿದರೂ ತಾನೇ ಎದ್ದು ನಿಲ್ಲುವ ಹಾಗೆ ಕಟ್ಟಿರುತ್ತಾರೆ. ನೀವು ಕಿಟಕಿ ಕೊರೆದು ಮಂಚ ಹಾಕಿದ ಮೇಲೆ ಆ ಗುಣ ಹಾಗೆಯೇ ಉಳಿಯುತ್ತದೆ ಅಂತ ನಂಬಬೇಡಿ. ವೇಗವೂ ಕಮ್ಮಿ, 6 ನಾಟ್ ಆಸುಪಾಸು, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಒಳಗೆ ಸೆಕೆ ತುಂಬ. ನಾನು ಇದನ್ನು ಬಿಟ್ಟೆ.

ಮೂರನೆಯದು ನಮ್ಮದೇ ಮೀನಿನ ಬೋಟು. ನನ್ನ ಅಭಿಪ್ರಾಯದಲ್ಲಿ ನಿಮಗೆ ಸರಿಹೋಗುವುದು ಇದೇ. ಕಮ್ಮಿ ಆಳದ ನೀರಿನಲ್ಲಿ ಹೋಗುತ್ತದೆ, ಮಂಜೇಶ್ವರದಿಂದ ಮಲ್ಪೆಯವರೆಗೆ ಯಾವ ದಕ್ಕೆಯಲ್ಲೂ ಇದನ್ನು ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ.

ನೋಡೋಕೆ ಒಳ್ಳೆಯ ಸಮಯ ಜೂನ್ ಕೊನೆ, ಜುಲೈ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಕರ್ನಾಟಕದಲ್ಲಿ 61 ದಿನ. ಎರಡೂ ಕಡೆ ಜುಲೈ 31ರವರೆಗೆ. ಬೋಟುಗಳು ದಡದಲ್ಲಿರುತ್ತವೆ, ಹೊಟ್ಟೆ ಕಾಣುತ್ತದೆ. ನೀರಿನಲ್ಲಿ ತೇಲುತ್ತಿರುವ ಬೋಟಿಗೆ ಮುಂಗಡ ಕೊಡಲೇಬೇಡಿ.

ಹೋಗುವಾಗ ಪ್ಲಾಸ್ಟಿಕ್ ತಲೆಯ ಒಂದು ಸಣ್ಣ ಸುತ್ತಿಗೆ ತಗೊಂಡು ಹೋಗಿ. ನಮ್ಮ ಬೋಟು ನೋಡುವಾಗ ಪರಿಚಯದ ಹಿರಿಯ ತಾಂಡೇಲರೊಬ್ಬರು, ಅಂದರೆ ಮೀನಿನ ಬೋಟು ನಡೆಸುವವರು, ಜೊತೆಗೆ ಬಂದಿದ್ದರು. ನಲವತ್ತು ವರ್ಷ ಸಮುದ್ರ ನೋಡಿದವರು. ಮಾತೇ ಆಡದೆ ಮುಂದಿನ ತುದಿಯಿಂದ ಹಿಂದಿನವರೆಗೆ ಗೇಣಿಗೊಂದರಂತೆ ಬಡಿಯುತ್ತಾ ಹೋದರು. ಟಕ್, ಟಕ್, ಟಕ್. ಇಂಜಿನ್ನಿನ ಕೆಳಗೆ ಬಂದಾಗ ಸದ್ದು ಬದಲಾಯಿತು. ಒದ್ದೆ ಹಲಗೆಗೆ ಬಡಿದ ಹಾಗೆ, ಮಂದವಾಗಿ. "ಇಲ್ಲಿ ಒಳಗಿನ ಮರ ಕುಂಬಾಗಿದೆ ಮಾರಾಯ್ರೇ, ಇದನ್ನು ತೆಗೆಯದೆ ಮೇಲೆ ಏನು ಮಾಡಿದರೂ ದಂಡ" ಅಂದರು. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಅದರೊಳಗೆ ಮುಚ್ಚಿಟ್ಟ ಪ್ಲೈವುಡ್ಡು, ಇಂಜಿನ್ ಕೂರುವ ಮರದ ತೊಲೆ ಕೊಳೆಯುತ್ತವೆ. ಒಂದು ಬೋಲ್ಟಿನ ತೂತಿನಿಂದ ನೀರು ಇಳಿದರೆ ಸಾಕು. ಅದನ್ನು ತೋರಿಸಿ ದರ ಇಳಿಸಿ ಕೊಂಡೆವು. ಆ ತೊಲೆ ಬದಲಿಸೋಕೆ ಒಂದು ಇಡೀ ಮಳೆಗಾಲ ಹೋಯಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ: ತೂಕ. ಮೀನಿನ ಬೋಟು ಕಟ್ಟುವುದೇ ಹೊಟ್ಟೆ ತುಂಬ ಐಸು, ಮೀನು ಹೇರಿಕೊಂಡು ಬರಲಿ ಅಂತ. ಅದನ್ನು ಖಾಲಿ ಮಾಡಿದರೆ ಬೋಟು ಮೇಲೆದ್ದು ಕೂರುತ್ತದೆ, ಬೋಟನ್ನು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ಪೂರ್ತಿ ನೀರಿನಲ್ಲಿ ಇರುವುದಿಲ್ಲ. ನಾವು ಆ ಖಾಲಿ ಜಾಗದಲ್ಲಿ ಮನೆ ಮಾಡುತ್ತೇವೆ. ಮನೆಯ ಸಾಮಾನು ಐಸಿನ ಹಾಗೆ ಕೆಳಗೆ ಕೂರುವುದಿಲ್ಲ, ಎಲ್ಲ ಮೇಲೆ ಮೇಲೆ ಹೋಗುತ್ತದೆ. ಕಪಾಟು, ಮಾಡು (ಛಾವಣಿ), ಸೋಲಾರ್, ನೀರಿನ ಟ್ಯಾಂಕ್.

ನಮ್ಮ ತಪ್ಪು ಆ ಟ್ಯಾಂಕಿನಲ್ಲೇ ಆಯಿತು. ಮನೆಯ ತಾರಸಿ ಮೇಲೆ ಇಡುವ ಹಾಗೆ, ಪಂಪು ಬೇಡ ಅಂತ 300 ಲೀಟರಿನ ಟ್ಯಾಂಕನ್ನು ಕ್ಯಾಬಿನ್ ಮಾಡಿನ ಮೇಲೆ ಕೂರಿಸಿದೆವು. ಪಕ್ಕದಲ್ಲಿ ಎರಡು ಸೋಲಾರ್ ಪ್ಯಾನೆಲ್. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ನಾಲ್ಕು ಗಟ್ಟಿ ಆಳುಗಳನ್ನು ಮಾಡಿನ ಮೇಲೆ ಕಾಯಂ ಕೂರಿಸಿದ ಹಾಗೆ. ತಾಂಡೇಲರು ನೋಡಿ ಬೈಯಲಿಲ್ಲ. ಹೊಳೆಯ ನಿಂತ ನೀರಿನಲ್ಲಿ ಹಗ್ಗ ಸಡಿಲ ಬಿಡಿಸಿ, ಬದಿ ಒತ್ತಿ ಬೋಟನ್ನು ತೂಗಿಸಿ, ನನ್ನ ಕೈಗೆ ವಾಚು ಕೊಟ್ಟರು. ಒಂದು ಬದಿಗೆ ಹೋಗಿ, ಇನ್ನೊಂದು ಬದಿಗೆ ಹೋಗಿ, ಮೊದಲಿನ ಜಾಗಕ್ಕೆ ಬಂದರೆ ಒಂದು ಓಲಾಟ. ಟ್ಯಾಂಕು ಇಡುವ ಮೊದಲು ನಾಲ್ಕು ಓಲಾಟಕ್ಕೆ 9 ಸೆಕೆಂಡ್ ಆಗಿತ್ತು. ಈಗ 11. ಬದಿಗೆ ವಾಲಿದ ಬೋಟು ಅಲ್ಲೇ ಒಂದು ಕ್ಷಣ ನಿಂತು ಆಮೇಲೆ ವಾಪಸ್ ಬರುತ್ತಿತ್ತು. ಆ ಒಂದು ಕ್ಷಣ ನನ್ನ ಹೊಟ್ಟೆಯಲ್ಲಿ ಈಗಲೂ ಇದೆ.

ಮೇಲೆ ಭಾರ ಹೆಚ್ಚಿದಷ್ಟೂ ಓಲಾಟ ನಿಧಾನವಾಗುತ್ತದೆ, ಮಗುಚುವ ಭಯವೂ ಹೆಚ್ಚು. ಅದನ್ನು ತಿಳಿಯೋಕೆ ಸಣ್ಣ ಬೋಟುಗಳಿಗೆ ಒಂದು ಸುಲಭದ ಅಳತೆ ಇದೆ. ಒಂದು ಓಲಾಟಕ್ಕೆ ಹಿಡಿಯುವ ಸೆಕೆಂಡು, ಬೋಟಿನ ಅಗಲದ ಮೀಟರಿಗಿಂತ ಕಮ್ಮಿ ಇರಬೇಕು. ನಮ್ಮದು 2.6 ಮೀಟರ್ ಅಗಲ. ಎರಡೂ ಕಾಲು ಸೆಕೆಂಡ್ ಇದ್ದದ್ದು ಎರಡೂ ಮುಕ್ಕಾಲಿಗೆ ಹೋಗಿತ್ತು. ಮರುದಿನವೇ ಟ್ಯಾಂಕು ಇಳಿಸಿದೆವು. ನೀರನ್ನು ಮೂರು ಭಾಗ ಮಾಡಿ ನೆಲದ ಕೆಳಗೆ, ನಟ್ಟನಡುವೆ ಇಟ್ಟು, ಸಣ್ಣ 12 ವೋಲ್ಟ್ ಪಂಪು ಹಾಕಿದೆವು. ಬ್ಯಾಟರಿಯೂ ಕೆಳಗೆ. ಇನ್ನೂ ಎಷ್ಟು ಭಾರ ಬೇಕು ಅಂತ ಮರಳಿನ ಚೀಲ ಇಟ್ಟು ನೋಡಿ, ಆಮೇಲೆ ಕಬ್ಬಿಣದ ತುಂಡುಗಳನ್ನು ತಳಕ್ಕೆ ಅಲುಗದ ಹಾಗೆ ಬಿಗಿದೆವು.

ಹಾಗಾಗಿ ಬೋಟು ಕೊಳ್ಳುವ ಮೊದಲೇ ಒಂದು ಪುಸ್ತಕ ಮಾಡಿ. ಒಳಗೆ ಹೋಗುವ ಪ್ರತಿಯೊಂದರ ತೂಕ, ಅದು ನೆಲದಿಂದ ಎಷ್ಟು ಎತ್ತರದಲ್ಲಿ ಕೂರುತ್ತದೆ ಅಂತ ಬರೆಯಿರಿ. ಹಾಸಿಗೆ, ಪಾತ್ರೆ, ಲಂಗರಿನ ಸರಪಳಿ, ಅಕ್ಕಿ ಚೀಲ, ಎಲ್ಲ. ಇದೊಂದು ಮುಗಿದರೆ ಯಾವ ಬೋಟು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ವೈರಿಂಗ್ ನನ್ನ ಕಸುಬು, ಅದರಲ್ಲೂ ಒಂದು ಪಾಠ ಕಲಿತೆ. ಮೊದಲ ವರ್ಷ ಮನೆಗೆ ಹಾಕುವ ಮಾಮೂಲಿ ತಾಮ್ರದ ವೈರನ್ನೇ ಎಳೆದಿದ್ದೆ. ಒಂದು ಮಳೆಗಾಲ ಕಳೆದು ಲೈಟು ಮಂಕಾಯಿತು ಅಂತ ತುದಿ ಸುಲಿದು ನೋಡಿದರೆ, ಪ್ಲಾಸ್ಟಿಕ್ಕಿನ ಒಳಗೆ ಒಂದು ಗೇಣು ದೂರದವರೆಗೂ ತಾಮ್ರ ಕಪ್ಪಾಗಿತ್ತು. ಉಪ್ಪಿನ ತೇವ ಎಳೆಗಳ ನಡುವೆ ಹತ್ತಿಕೊಂಡು ಹೋಗುತ್ತದೆ. ತವರ ಲೇಪಿಸಿದ ವೈರೇ ಹಾಕಿ. ಅದೇ ರೀತಿ, ತಳದಲ್ಲಿ ನೀರು ಒಳಗೆ ಬರುವ ಕಡೆ ಹಿತ್ತಾಳೆ ವಾಲ್ವ್ ಬೇಡ. ಉಪ್ಪುನೀರಿನಲ್ಲಿ ಅದರ ಸತು ಕರಗಿ ಹೋಗಿ, ಮುಟ್ಟಿದರೆ ಪುಡಿಯಾಗುತ್ತದೆ. ಕಂಚಿನದ್ದು ಹಾಕಿಸಿ.

ಅಡುಗೆ ಗ್ಯಾಸಿನ ಸಿಲಿಂಡರ್ ಕ್ಯಾಬಿನ್ ಒಳಗೆ ಖಂಡಿತ ಬೇಡ. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಇಂಜಿನ್ನಿನ ಒಂದು ಕಿಡಿ ಸಾಕು. ಡೆಕ್ಕಿನ ಮೇಲೆ, ಸೋರಿದ್ದು ಹೊರಗೇ ಹೋಗುವ ಹಾಗೆ ತೂತಿರುವ ಪೆಟ್ಟಿಗೆ ಮಾಡಿಸಿ.

ಕಾಗದಪತ್ರ: ಮೀನಿನ ಬೋಟಿನ ರಿಜಿಸ್ಟ್ರೇಶನ್ ಮೀನು ಹಿಡಿಯೋಕೆ ಇರುವುದು, ವಾಸಕ್ಕಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆಯ ಸರ್ಟಿಫಿಕೇಟ್ ಹೊಳೆ, ಹಿನ್ನೀರಿಗೆ. ಸಮುದ್ರಕ್ಕೆ ಅದು ಸಾಲದು. ದುಡ್ಡು ಕೊಡುವ ಮೊದಲೇ ಬಂದರು ಕಚೇರಿಗೆ ಹೋಗಿ, ನಿಮ್ಮ ಉದ್ದೇಶ ಹೇಳಿ, ಬರಹದಲ್ಲಿ ಉತ್ತರ ತಗೊಳ್ಳಿ. ಕೋಸ್ಟ್ ಗಾರ್ಡ್ ನಂಬರ್ 1554, ಅದನ್ನು ಚುಕ್ಕಾಣಿಯ ಹತ್ತಿರ ದೊಡ್ಡದಾಗಿ ಬರೆದಿಡಿ. ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಗೆ ಚಾನೆಲ್ 16.

ಬರುವ ಜುಲೈಯಲ್ಲಿ ಮಂಜೇಶ್ವರ ಬಂದರಿಗೆ ಬನ್ನಿ. ಕೊಳ್ಳುವ ಯೋಚನೆ ಇಲ್ಲದೆ ಸುಮ್ನೆ ಹತ್ತು ಬೋಟು ಬಡಿದು ನೋಡಿ, ಕಿವಿಗೆ ಸದ್ದು ಅಭ್ಯಾಸವಾಗಲಿ. ಅಷ್ಟರೊಳಗೆ ತೂಕದ ಪುಸ್ತಕದ ಮೊದಲ ಪುಟ ಆಗಿದ್ದರೆ ಇಲ್ಲಿ ಹಾಕಿ. ನಾನೂ ಭಾವನೂ ಕೂತು ನೋಡಿ, ಏನು ಕೆಳಗೆ ಇಳಿಸಬಹುದು ಅಂತ ಹೇಳುತ್ತೇವೆ.