ರೇಡಿಯೇಷನ್ ಆಗಿ ವರ್ಷಗಳಾದ ಮೇಲೆ ಮೂತ್ರದಲ್ಲಿ ರಕ್ತ

ನಿಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ರೇಡಿಯೇಷನ್ ಮುಗಿದು ನಾಲ್ಕು ವರ್ಷ. ಈಗ ನೋವಿಲ್ಲದೆ ಮೂತ್ರ ಕೆಂಪಗೆ ಬರುತ್ತಿದೆ, ಕ್ಯಾನ್ಸರ್ ಮರಳಿತೇ ಎಂದು ಕೇಳಿದ್ದೀರಿ. ಹಾಗೇ ಇರಬೇಕೆಂದಿಲ್ಲ. ರೇಡಿಯೇಷನ್‌ನಿಂದ ಮೂತ್ರಕೋಶದ ಒಳಪದರದ ಸಣ್ಣ ರಕ್ತನಾಳಗಳು ನಿಧಾನವಾಗಿ ಮುಚ್ಚಿಹೋಗುತ್ತವೆ. ಆಮೇಲೆ ಅಲ್ಲಿ ಹುಟ್ಟುವ ಹೊಸ ನಾಳಗಳು ತೀರಾ ನಾಜೂಕು, ಸುಲಭವಾಗಿ ಒಡೆಯುತ್ತವೆ. ಆದರೂ ಮೂತ್ರಕೋಶದಲ್ಲಿ ಗಡ್ಡೆ ಇಲ್ಲವೆಂದು ಖಚಿತವಾಗಬೇಕು. ಯೂರಿನ್ ಕಲ್ಚರ್ (ಮೂತ್ರದಲ್ಲಿ ಸೋಂಕಿದೆಯೇ ಎಂಬ ಪರೀಕ್ಷೆ), ಸಿಟಿ ಯೂರೋಗ್ರಾಮ್ (ಕಿಡ್ನಿ, ಮೂತ್ರನಾಳ, ಮೂತ್ರಕೋಶಗಳ ಸ್ಕ್ಯಾನ್), ಸಿಸ್ಟೋಸ್ಕೋಪಿ (ಸಣ್ಣ ಕ್ಯಾಮೆರಾ ನಳಿಗೆಯಿಂದ ಮೂತ್ರಕೋಶದ ಒಳಗೆ ನೋಡುವುದು) ಬಗ್ಗೆ ಯೂರಾಲಜಿಸ್ಟ್ ಹತ್ತಿರ ಈ ವಾರವೇ ಮಾತಾಡಿ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಮೇಲೆ ಕಣ್ಣಿಡುವ ರಕ್ತಪರೀಕ್ಷೆ) ಸರಿಯಿದೆ ಎಂಬ ಸಮಾಧಾನ ಇಲ್ಲಿ ಸಾಲದು.

ಹೆಪ್ಪುಗಟ್ಟಿದ ರಕ್ತ ಬಂದು, ಆಮೇಲೆ ಮೂತ್ರವೇ ನಿಂತು ಕಿಬ್ಬೊಟ್ಟೆ ಉಬ್ಬಿದರೆ ಬೆಳಗಾಗಲಿ ಎಂದು ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ 22–24 ಫ್ರೆಂಚ್ (ನಳಿಗೆಯ ದಪ್ಪದ ಅಳತೆ) ಗಾತ್ರದ ತ್ರೀ-ವೇ ಕ್ಯಾತಿಟರ್ (ಒಳಗೆ ಸಲೈನ್ ಬಿಡಲೂ ಹೊರಗೆ ಹರಿಸಲೂ ಬೇರೆ ಬೇರೆ ದಾರಿಯಿರುವ ಮೂತ್ರದ ನಳಿಗೆ) ಹಾಕಿ, ಸಿರಿಂಜಿನಿಂದ ಹೆಪ್ಪು ಎಳೆದು ತೆಗೆದು, ನಂತರ ಸಲೈನ್ ಹರಿಸುತ್ತಾರೆ. 16ರ ಸಣ್ಣ ನಳಿಗೆಯಾದರೆ ಹೆಪ್ಪು ಸಿಕ್ಕಿ ಬೇಗ ಕಟ್ಟಿಕೊಳ್ಳುತ್ತದೆ. ಇದನ್ನು ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ.

ಅವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ. ರಕ್ತ ಮತ್ತೆ ಮತ್ತೆ ಬಂದರೆ ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆ (ಹೆಚ್ಚು ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಉಸಿರಾಡಿಸುವುದು) ಇದೆ: ಸಾಮಾನ್ಯವಾಗಿ 30–40 ಸಲ, ಪ್ರತಿ ಸಲ ಸುಮಾರು ಒಂದೂವರೆ ಗಂಟೆ.