ತೂಕ ಎತ್ತಿದರೆ ಮಕ್ಕಳ ಬೆಳವಣಿಗೆ ನಿಲ್ಲುತ್ತದೆಯೇ?

ಪ್ರಶ್ನೆ: ಮಗನಿಗೆ 13 ವರ್ಷ, ಮಂಡ್ಯದಲ್ಲಿ ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ. ವಾರಕ್ಕೆರಡು ದಿನ ವೇಟ್ ಟ್ರೈನಿಂಗ್ ಮಾಡಿಸುತ್ತೇನೆ ಅಂತಾರೆ ಕೋಚ್. ಈ ವಯಸ್ಸಿಗೇ ಭಾರ ಎತ್ತಿದರೆ ಕುಳ್ಳಗಾಗುತ್ತಾನೆ ಅಂತ ಅವನ ತಾತ ಹಟ ಹಿಡಿದಿದ್ದಾರೆ. ಕಳಿಸಬಹುದಾ?

ಕಳಿಸಿ. ಊರು, ಆಟ, ಮಗುವಿನ ವಯಸ್ಸು ಮಾತ್ರ ಬದಲಾಗಿ ಇದೇ ಪ್ರಶ್ನೆ ನನಗೆ ಬರುತ್ತಲೇ ಇದೆ. ಇವತ್ತು ಬಿಡಿಸಿ ಬರೆಯುತ್ತೇನೆ, ತಾತನಿಗೂ ಓದಿ ಹೇಳಿ.

ಮಕ್ಕಳ ಉದ್ದನೆಯ ಮೂಳೆಗಳ ತುದಿಯ ಬಳಿ ಮೆತ್ತನೆಯ ಪದರವೊಂದಿರುತ್ತದೆ. ಅದಕ್ಕೆ ಗ್ರೋತ್ ಪ್ಲೇಟ್ ಅನ್ನುತ್ತೇವೆ. ಮೂಳೆ ಉದ್ದವಾಗುವುದು ಅಲ್ಲೇ. ಹುಡುಗಿಯರಲ್ಲಿ ಸುಮಾರು 14ರಿಂದ 16, ಹುಡುಗರಲ್ಲಿ 16ರಿಂದ 18ರ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಭಾರ ಎತ್ತಿದರೆ ಈ ಪದರ ಜಜ್ಜಿಹೋಗುತ್ತದೆ ಎನ್ನುವುದೇ ನಿಮ್ಮ ಮನೆಯವರ ಭಯ. ಆದರೆ ಹಾರಿ ನೆಲಕ್ಕಿಳಿಯುವಾಗ ಆಟಗಾರನ ಕಾಲಿನ ಮೇಲೆ ಅವನ ಮೈತೂಕದ ಹಲವು ಪಟ್ಟು ಹೊರೆ ಬೀಳುತ್ತದೆ. ಕಬಡ್ಡಿಗೆ ಹೆದರದವರು ಕೋಚ್ ಪಕ್ಕದಲ್ಲೇ ನಿಂತು ಎತ್ತಿಸುವ ಎರಡು ಕಿಲೋ ಡಂಬೆಲ್‌ಗೆ ಯಾಕೆ ಹೆದರಬೇಕು? ತಿಳಿದವರ ಕಣ್ಣೆದುರು, ಕ್ರಮವಾಗಿ ಮಾಡಿದರೆ ಬೆಳವಣಿಗೆಗೆ ತೊಂದರೆಯಿಲ್ಲ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. 5ರಿಂದ 17 ವರ್ಷದವರು ಸ್ನಾಯು, ಮೂಳೆ ಗಟ್ಟಿಯಾಗುವ ಚಟುವಟಿಕೆಯನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು ಎಂದು ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ವೇಟ್‌ಲಿಫ್ಟರ್‌ಗಳೆಲ್ಲ ಗಿಡ್ಡ ಇರ್ತಾರಲ್ಲ ಅಂತ ವಾದ ಬೇಡ. ಕೈಕಾಲು ಗಿಡ್ಡವಿದ್ದರೆ ಬಾರ್ ಎತ್ತುವ ದೂರ ಕಡಿಮೆ, ಅಂಥವರೇ ಆ ಆಟದಲ್ಲಿ ಮುಂದೆ ಬರುತ್ತಾರೆ.

ಗ್ರೋತ್ ಪ್ಲೇಟ್‌ಗೆ ನಿಜವಾಗಿ ಪೆಟ್ಟಾಗುವುದು ಬಿದ್ದಾಗ. ಆಗ ಏನು ಮಾಡುತ್ತೀರಿ? ಮಣಿಕಟ್ಟು ಊದಿಕೊಂಡ ಮಗುವಿಗೆ ಒಂದು ಎಕ್ಸ್‌ರೇ ಕೂಡ ತೆಗೆಸದೆ, ಎಣ್ಣೆ ತಿಕ್ಕಿ ಬಿದಿರ ದಬ್ಬೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋಗುತ್ತೀರಿ. ಮೂಳೆ ವಾರೆಯಾಗಿ ಕೂಡಿ ಕೈ ಸೊಟ್ಟಗೆ ಬೆಳೆದ ಮಕ್ಕಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಕೋಪ.

ಇನ್ನು ಲಾಭದ ಮಾತು. ಮೀಸೆ ಮೂಡುವ ಮುಂಚೆ ತೋಳು ದಪ್ಪವಾಗುವುದಿಲ್ಲ, ಅದನ್ನು ಕಾಯಬೇಡಿ. ಆ ವಯಸ್ಸಿನಲ್ಲಿ ಬಲ ಬರುವುದು ಮುಖ್ಯವಾಗಿ ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದಡಿ ಎತ್ತರದ ಜಗಲಿಯಿಂದ ಮಗನನ್ನು ಎರಡೂ ಕಾಲಲ್ಲಿ ನೆಗೆಯಲು ಹೇಳಿ, ಎದುರಿಗೆ ಕೂತು ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಪಾದ ನೆಲ ಮುಟ್ಟಿದ ಗಳಿಗೆಯಲ್ಲಿ ಮಂಡಿಗಳು ಒಂದರ ಕಡೆಗೊಂದು ವಾಲಿದರೆ, ಧಡ್ ಅಂತ ಸದ್ದಾದರೆ, ಸೊಂಟ, ತೊಡೆಯ ಸ್ನಾಯುಗಳು ಆ ಹೊರೆ ತಡೆಯುತ್ತಿಲ್ಲ ಎಂದು ತಿಳಿಯಿರಿ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟುನಾರು ಹರಿಯುವುದು ಹೆಚ್ಚಾಗಿ ಹೀಗೆ ಇಳಿಯುವಾಗ, ಅದರಲ್ಲೂ ಹದಿಹರೆಯದ ಹುಡುಗಿಯರಲ್ಲಿ ಹೆಚ್ಚು. ಬಸ್ಕಿ, ಒಂಟಿ ಕಾಲಿನ ಕಸರತ್ತು, ಸರಿಯಾಗಿ ಇಳಿಯುವ ಅಭ್ಯಾಸ ಸೇರಿದರೆ ಈ ಅಪಾಯ ಚೆನ್ನಾಗಿಯೇ ತಗ್ಗುತ್ತದೆ.

ಕೋಚ್‌ಗೆ ಇಷ್ಟು ಕೇಳಿ. ಮೊದಲ ಕೆಲವು ವಾರ ಬರೀ ಕೋಲು ಹಿಡಿಸಿ ಭಂಗಿ ಕಲಿಸುತ್ತಾರಾ? ನಡುವೆ ಒಂದು ದಿನ ಬಿಡುವು ಇದೆಯಾ? ತಪ್ಪಿಲ್ಲದೆ 15 ಸಲ ಎತ್ತಿದ ಮೇಲಷ್ಟೇ ತೂಕ ಹೆಚ್ಚಿಸುತ್ತಾರಾ, ಅದೂ ನೂರಕ್ಕೆ ಐದೋ ಹತ್ತೋ ಪಾಲು? ‘ಎಷ್ಟು ಎತ್ತುತ್ತೀಯ ನೋಡೋಣ’ ಅಂತ ಹುಡುಗರ ನಡುವೆ ಪೈಪೋಟಿ ಹಚ್ಚುವ ಕಡೆಯಿಂದ ಮಗನನ್ನು ಅವತ್ತೇ ಬಿಡಿಸಿ. ಮೈ ಬೆಳೆದು ಮುಗಿಯುವವರೆಗೆ ಅಂಥ ಪಂದ್ಯಕ್ಕೆ ನಾನು ಒಪ್ಪುವುದಿಲ್ಲ, ಅತಿ ಎಚ್ಚರಿಕೆ ಅಂದರೂ ಸರಿ. ಮನೆಯ ಡಂಬೆಲ್ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳ ದಾಖಲೆ ನೋಡಿದ 2009ರ ಅಧ್ಯಯನದಲ್ಲಿ, 8ರಿಂದ 13 ವರ್ಷದವರಿಗೆ ತೂಕದಿಂದಾದ ಗಾಯಗಳಲ್ಲಿ ಮೂರರಲ್ಲಿ ಎರಡು ಪಾಲು ಕೈಗೆ, ಪಾದಕ್ಕೆ ಆದವು. ಅವುಗಳಲ್ಲಿ ಹೆಚ್ಚಿನವು ತೂಕ ಜಾರಿ ಬಿದ್ದು, ಇಲ್ಲವೇ ಬೆರಳು ಸಿಕ್ಕಿಕೊಂಡು. ಹೃದಯದ ತೊಂದರೆ, ಹತೋಟಿಗೆ ಬರದ ಬಿಪಿ, ಫಿಟ್ಸ್ ಇರುವ ಮಕ್ಕಳು ಮಾತ್ರ ವೈದ್ಯರಿಗೆ ತೋರಿಸದೆ ಶುರು ಮಾಡಬಾರದು.

ಪ್ರಶ್ನೆ: 14ರ ಮಗನಿಗೆ ಯಾವ ಪ್ರೋಟೀನ್ ಪೌಡರ್ ಒಳ್ಳೆಯದು?

ಯಾವುದೂ ಬೇಡ. ಮುದ್ದೆ ಜೊತೆ ಹುರುಳಿಕಾಳು ಬಸ್ಸಾರು, ಮೊಟ್ಟೆ, ಹಾಲು, ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ.

ಪ್ರಶ್ನೆ: ಎತ್ತರ ಹೆಚ್ಚಿಸುವ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಲೇ?

ಮೋಸ. ಮಾರುವವರ ಮೇಲೆ ದೂರು ಕೊಡಿ.

ಪ್ರಶ್ನೆ: ವೇಟ್ಸ್ ಮಾಡಿದರೆ ಮಗಳ ಮೈ ಗಂಡಸಿನ ಥರ ಆಗುವುದಿಲ್ಲವೇ?

ಇಲ್ಲ. ಈ ಪ್ರಶ್ನೆಯನ್ನು ಅವಳೆದುರು ಎತ್ತಬೇಡಿ.

ಪ್ರಶ್ನೆ: ಮೈಸೂರಿನಲ್ಲಿದ್ದೇವೆ. 12 ವರ್ಷದ ಮಗಳು ವಾಲಿಬಾಲ್ ಆಡುತ್ತಾಳೆ. ಸ್ಟ್ಯಾಮಿನಾ ಬರಲಿ ಅಂತ ದಿನಾ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುತ್ತೇವೆ. ಈಗ ಮಂಡಿಚಿಪ್ಪಿನ ಕೆಳಗೆ ಗಂಟು, ಮುಟ್ಟಿದರೆ ನೋವು. ಮಾಲೀಶು ಮಾಡಿಸಲೇ?

ಮಾಲೀಶು ಬೇಡವೇ ಬೇಡ. ನೀವು ಹೇಳುವ ಲಕ್ಷಣ ಆಸ್‌ಗುಡ್ ಶ್ಲಾಟರ್‌ಗೆ ಹೊಂದುತ್ತದೆ. ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಆ ಜಾಗದ ಮೂಳೆಯನ್ನು ಪದೇ ಪದೇ ಎಳೆಯುವುದರಿಂದ ಬರುವ ನೋವು ಅದು. ಸದ್ಯಕ್ಕೆ ಮೆಟ್ಟಿಲು ಬಿಡಿಸಿ, ನೆಗೆತ ಕಡಿಮೆ ಮಾಡಿಸಿ, ಆಡಿ ಬಂದ ಮೇಲೆ ಐಸ್ ಇಡಿ. ನೋವು ತಗ್ಗಿದ ಮೇಲೆ ತೊಡೆಯ ಕಸರತ್ತನ್ನು ಫಿಸಿಯೋ ಹತ್ತಿರ ಕಲಿಯಲಿ. ಬೆಳವಣಿಗೆ ಮುಗಿಯುವ ಹೊತ್ತಿಗೆ ನೋವು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಗಂಟು ಉಳಿದರೂ ತೊಂದರೆಯಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಇಡೀ ಮಂಡಿಯ ಊತ ಕಂಡರೆ ಮಾತ್ರ ಕಾಯಬೇಡಿ, ಮೂಳೆ ವೈದ್ಯರಿಗೆ ಅವತ್ತೇ ತೋರಿಸಿ.