ತಂತಿ ಅದೇ, ಹೊದಿಕೆ ಬೇರೆ

ಹಾಸನದ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ಬೀದಿಯಲ್ಲಿ ಕಂಬದ ಮೇಲಿನ ತಂತಿ ತೆಗೆದು ನೆಲದಡಿ ಕೇಬಲ್ ಹಾಕುತ್ತಾರಂತೆ. ಆಮೇಲೆ ಕರೆಂಟ್ ಹೋಗುವುದೇ ಇಲ್ಲ ಅಂತ ಒಬ್ಬರು. ಹತ್ತು ವರ್ಷದಲ್ಲಿ ಸೂಪರ್‌ಕಂಡಕ್ಟರ್ (ಪ್ರತಿರೋಧವೇ ಇಲ್ಲದೆ ಕರೆಂಟ್ ಹರಿಸುವ ವಸ್ತು) ಬಂದು ಇದೆಲ್ಲ ಗುಜರಿಗೆ ಹೋಗುತ್ತದೆ ಅಂತ ಇನ್ನೊಬ್ಬರು. ನಾನು ಮನೆ ಕಟ್ಟಿಸುತ್ತಿದ್ದೇನೆ. ಈಗಲೇ ವೈರಿಂಗ್ ಮಾಡಿಸಲೋ, ಹೊಸ ಸ್ಟ್ಯಾಂಡರ್ಡ್ ಬರಲಿ ಅಂತ ಕಾಯಲೋ? ಅಂಗಡಿಯವರು ದುಬಾರಿ ವೈರ್ ತೋರಿಸುತ್ತಿದ್ದಾರೆ. ಮುಂದೆ ಚಾವಣಿಗೆ ಸೋಲಾರ್ ಹಾಕಿಸಿದರೆ ಅದಕ್ಕೂ ಅದೇ ವೈರ್ ಸಾಕಾ?’

ನಮಸ್ಕಾರ. ಕಾಯಬೇಡಿ, ವೈರಿಂಗ್ ಮಾಡಿಸಿ. ಯಾಕೆ ಅಂತ ಹೇಳಲು ಸ್ವಲ್ಪ ಸುತ್ತಿ ಬರಬೇಕು.

ಕರೆಂಟ್ ಹರಿಯುವ ಲೋಹ ನೂರು ವರ್ಷದಿಂದ ಬದಲಾಗಿಲ್ಲ. ತಾಮ್ರ, ಇಲ್ಲವೇ ಅಲ್ಯೂಮಿನಿಯಂ. ಬದಲಾಗುತ್ತಾ ಬಂದಿರುವುದು ಅದರ ಮೇಲಿನ ಇನ್ಸುಲೇಷನ್, ಅಂದರೆ ಕರೆಂಟ್ ಹೊರಗೆ ಹೋಗದಂತೆ ತಡೆಯುವ ಹೊದಿಕೆ. ಮೊದಲು ಎಣ್ಣೆಯಲ್ಲಿ ನೆನೆಸಿದ ಕಾಗದ, ಅದರ ಮೇಲೆ ಸೀಸದ ಕವಚ. ಆಮೇಲೆ ಪಿವಿಸಿ. ಈಗ ನೆಲದಡಿ ಹೋಗುವುದು ಹೆಚ್ಚಾಗಿ ಎಕ್ಸ್‌ಎಲ್‌ಪಿಇ, ಅಂದರೆ ಅಣುಗಳನ್ನು ಒಂದಕ್ಕೊಂದು ಹೆಣೆದ ಪಾಲಿಥೀನ್. ಸಾಮಾನ್ಯ ಪಿವಿಸಿಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಎಕ್ಸ್‌ಎಲ್‌ಪಿಇ 90 ಡಿಗ್ರಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಶಾರ್ಟ್ ಸರ್ಕ್ಯೂಟ್ ಆದ ಕೆಲವು ಸೆಕೆಂಡುಗಳ ಮಟ್ಟಿಗೆ 250 ಡಿಗ್ರಿಯನ್ನೂ ತಾಳುತ್ತದೆ. ಹಾಗಾಗಿ ಅಷ್ಟೇ ದಪ್ಪದ ತಂತಿಯಲ್ಲಿ ಜಾಸ್ತಿ ಕರೆಂಟ್ ಕಳಿಸಬಹುದು.

ಅದರ ತೊಂದರೆಯೂ ಆ ಹೆಣಿಗೆಯಲ್ಲೇ ಇದೆ. ಒಮ್ಮೆ ಹೆಣೆದ ಮೇಲೆ ಮತ್ತೆ ಕರಗಿಸಲು ಆಗುವುದಿಲ್ಲ. ಹಳೆಯ ಕೇಬಲ್‌ನಿಂದ ಲೋಹ ಬಿಡಿಸಿಕೊಳ್ಳಬಹುದು, ಸಿಪ್ಪೆಯಿಂದ ಹೊಸ ಸಿಪ್ಪೆ ಮಾಡುವಂತಿಲ್ಲ. ಹೆಣೆಯುವಾಗ ಒಳಗೆ ಮೀಥೇನ್‌ನಂಥ ಅನಿಲಗಳೂ ಉಳಿಯುತ್ತವೆ. ಅವು ಹೊರಗೆ ಹೋಗಲಿ ಅಂತ ಹೈವೋಲ್ಟೇಜ್ ಕೇಬಲ್‌ಗಳನ್ನು ಬಿಸಿ ಕೋಣೆಯಲ್ಲಿ ದಿನಗಟ್ಟಲೆ, ದಪ್ಪ ಕೇಬಲ್ ಆದರೆ ವಾರಗಟ್ಟಲೆ ಇಡುತ್ತಾರೆ. ಇದಕ್ಕೆ ಉತ್ತರವಾಗಿ ಬರುತ್ತಿರುವುದು ಪಾಲಿಪ್ರೊಪಿಲೀನ್ ಮಿಶ್ರಣ. ಹೆಣೆಯುವ ಕೆಲಸವೇ ಇಲ್ಲ, ಮತ್ತೆ ಕರಗಿಸಬಹುದು. ಜರ್ಮನಿಯ ಸ್ಯೂಡ್‌ಓಸ್ಟ್‌ಲಿಂಕ್ ಎಂಬ ವಿದ್ಯುತ್ ಲೈನ್ ಯೋಜನೆಯಲ್ಲಿ 525 ಕಿಲೋವೋಲ್ಟ್‌ಗೆ ಇದನ್ನು ಆರಿಸಿಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಮುಂದಿನ ದೊಡ್ಡ ಬದಲಾವಣೆ ಇದೇ. ಸೂಪರ್‌ಕಂಡಕ್ಟರ್‌ಗೆ ಸಿಗುವಷ್ಟು ಹೆಸರು ಇದಕ್ಕೆ ಸಿಕ್ಕಿಲ್ಲ, ಅಷ್ಟೇ.

ಇನ್ನೊಂದು ಬದಲಾವಣೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮನೆಗೆ ಬರುವುದು ಎಸಿ, ಅದು ದಿಕ್ಕು ಬದಲಿಸುತ್ತಲೇ ಇರುತ್ತದೆ. ಎಸಿ ಕೇಬಲ್ ನೆಲದಡಿ ಅಥವಾ ಸಮುದ್ರದಡಿ ತುಂಬಾ ಉದ್ದ ಹೋಗಲಾರದು. ಕೇಬಲ್ ಒಂದು ಕೆಪಾಸಿಟರ್ (ವಿದ್ಯುದಾವೇಶ ತುಂಬಿಟ್ಟುಕೊಳ್ಳುವ ಸಾಧನ) ಕೂಡ ಅಲ್ವಾ? ಸೆಕೆಂಡಿಗೆ 50 ಸಲ ಅದನ್ನು ಚಾರ್ಜ್ ಮಾಡಿ ಇಳಿಸುವುದಕ್ಕೇ ಕರೆಂಟ್ ಬೇಕು. ಉದ್ದ ನೂರು ಕಿಲೋಮೀಟರ್ ಹತ್ತಿರ ಬಂತೆಂದರೆ ಬಸ್ಸಿನ ತುಂಬ ಸಿಬ್ಬಂದಿಯೇ ಕೂತು ಪ್ರಯಾಣಿಕರಿಗೆ ಸೀಟಿಲ್ಲ ಎಂಬಂಥ ಸ್ಥಿತಿ. ಡಿಸಿಗೆ ಈ ಕಾಟವಿಲ್ಲ.

ಆದರೆ ಡಿಸಿಯಲ್ಲಿ ಪ್ಲಾಸ್ಟಿಕ್ ಇನ್ಸುಲೇಷನ್ ಒಳಗೆ ವಿದ್ಯುದಾವೇಶ ಸಿಕ್ಕಿಕೊಂಡು ಉಳಿದುಬಿಡುತ್ತದೆ. ಹಳೆಯ ಬಗೆಯ ಡಿಸಿ ಸ್ಟೇಷನ್‌ಗಳಲ್ಲಿ ವಿದ್ಯುತ್ತಿನ ದಿಕ್ಕು ಬದಲಿಸಲು ಪ್ಲಸ್ ಮೈನಸ್ ಅದಲು ಬದಲು ಮಾಡಬೇಕಿತ್ತು. ಆಗ ಆ ಸಿಕ್ಕಿಕೊಂಡ ಆವೇಶವೇ ಇನ್ಸುಲೇಷನ್ ಒಡೆಯಬಲ್ಲದು. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪಕ್ಕೆ 1954ರಲ್ಲಿ ಹಾಕಿದ ಡಿಸಿ ಕೇಬಲ್ ಕಾಗದದ್ದು. ಅದೇ ದ್ವೀಪದಲ್ಲಿ 1999ರಲ್ಲಿ 80 ಕಿಲೋವೋಲ್ಟ್‌ನ ಪ್ಲಾಸ್ಟಿಕ್ ಡಿಸಿ ಕೇಬಲ್ ಬಂತು. ಪ್ಲಸ್ ಮೈನಸ್ ಹಾಗೇ ಇಟ್ಟು ಕರೆಂಟ್‌ನ ದಿಕ್ಕನ್ನಷ್ಟೇ ತಿರುಗಿಸುವ ಹೊಸ ಬಗೆಯ ಕನ್ವರ್ಟರ್ (ಎಸಿ, ಡಿಸಿಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ) ಬಂದಿದ್ದರಿಂದ ಇದು ಸಾಧ್ಯವಾಯಿತು. ನಮ್ಮ ಪಕ್ಕದಲ್ಲೇ ಇದಕ್ಕೆ ಉದಾಹರಣೆ ಇದೆ. ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶ್ಶೂರಿಗೆ 320 ಕಿಲೋವೋಲ್ಟ್, 2000 ಮೆಗಾವ್ಯಾಟ್‌ನ ಡಿಸಿ ಲೈನ್ 2021ರಲ್ಲಿ ಉದ್ಘಾಟನೆಯಾಯಿತು. ಕೇರಳದಲ್ಲಿ ಟವರ್ ನಿಲ್ಲಿಸಲು ಜಾಗ ಸಿಗದ ಕಡೆ ಅದು ನೆಲದಡಿ ಹೋಗುತ್ತದೆ. ಜರ್ಮನಿಯಲ್ಲಿ ಟವರ್ ಬೇಡ ಅಂತ ಜನ ಜಗಳ ತೆಗೆದ ಮೇಲೆ ಇಂಥ ದೊಡ್ಡ ಡಿಸಿ ಲೈನ್‌ಗಳು ನೆಲದಡಿಯೇ ಹೋಗಲಿ ಅಂತ 2015ರಲ್ಲಿ ಕಾನೂನು ಬದಲಿಸಿದರು. ಅಂಥ ಒಂದು ಲೈನ್ ಸ್ಯೂಡ್‌ಲಿಂಕ್. ಅದರ ಸುಮಾರು 700 ಕಿಲೋಮೀಟರ್ ಕೇಬಲ್ ಹಾಗೇ ಹೋಗುತ್ತಿದೆ.

ಸ್ಟ್ಯಾಂಡರ್ಡ್ ಯಾವಾಗಲೂ ತಂತ್ರಜ್ಞಾನದ ಹಿಂದೆ ಬರುತ್ತದೆ. ಡಿಸಿ ಪ್ಲಾಸ್ಟಿಕ್ ಕೇಬಲ್‌ಗೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 62895 ಬಂದಿದ್ದು 2017ರಲ್ಲಿ, ಅದೂ 320 ಕಿಲೋವೋಲ್ಟ್‌ವರೆಗೆ. ಅದಕ್ಕಿಂತ ಮೇಲಿನದಕ್ಕೆ ಎಂಜಿನಿಯರ್‌ಗಳು ಸಿಗ್ರೆ ಎಂಬ ಅಂತರರಾಷ್ಟ್ರೀಯ ವಿದ್ಯುತ್ ತಜ್ಞರ ಸಂಸ್ಥೆಯ ಶಿಫಾರಸು ನೋಡುತ್ತಾರೆ. ಇಂಥ ಕೇಬಲ್ಲನ್ನು ಒಪ್ಪುವ ಮೊದಲು ಕೆಲಸದ ವೋಲ್ಟೇಜ್‌ಗಿಂತ ಜಾಸ್ತಿ ಹಾಕಿ, ಬಿಸಿ ಮಾಡಿ ಆರಿಸಿ, ಸುಮಾರು ಒಂದು ವರ್ಷ ಪರೀಕ್ಷೆ ನಡೆಸುತ್ತಾರೆ. ನಿಧಾನ ನಿಜ. ಆದರೆ ಹೂತು ಹಾಕಿದ ಕೇಬಲ್ ನಲವತ್ತು ವರ್ಷ ಬಾಳಬೇಕು ಅಂದರೆ ಒಂದು ವರ್ಷ ಹೆಚ್ಚೇನಲ್ಲ. ನಮ್ಮ ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಕೂಡ 1960ರಿಂದ ವಿದ್ಯುತ್ ಉಪಕರಣಗಳ ಪರೀಕ್ಷೆಯನ್ನೇ ಮಾಡುತ್ತಾ ಬಂದಿದೆ.

ಸೂಪರ್‌ಕಂಡಕ್ಟರ್ ಕನಸಲ್ಲ. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಿಂದ ಕೆಲವು ವರ್ಷ ಒಂದು ಕಿಲೋಮೀಟರ್ ಕೇಬಲ್ ಓಡಿತು. 10 ಕಿಲೋವೋಲ್ಟ್‌ನಲ್ಲಿ 40 ಮೆಗಾವ್ಯಾಟ್. ಆದರೆ ಒಳಗೆ ದ್ರವ ನೈಟ್ರೋಜನ್ ಸದಾ ಹರಿಯುತ್ತಿರಬೇಕು, ಸೊನ್ನೆಗಿಂತ 200 ಡಿಗ್ರಿ ಕೆಳಗೆ. ಹೊಸ ಸಬ್‌ಸ್ಟೇಷನ್‌ಗೆ ಅಂಗೈಯಗಲ ಜಾಗವೂ ಸಿಗದ ಮಹಾನಗರದ ನಡುವೆ ಅದಕ್ಕೆ ಅರ್ಥವಿದೆ. ನಿಮ್ಮ ಬೀದಿಗೆ ಬರುವುದಿಲ್ಲ.

ಇನ್ನು ಕರೆಂಟ್ ಹೋಗುವುದೇ ಇಲ್ಲ ಎಂಬ ಮಾತು. ಗಾಳಿ ಮಳೆಗೆ, ಮರದ ಕೊಂಬೆಗೆ ಹೋಗುವುದು ಕಡಿಮೆಯಾಗುತ್ತದೆ, ಖಂಡಿತ. ಹೊಸ ಕಾಟಗಳು ಬರುತ್ತವೆ. ನೀರಿನ ಪೈಪಿಗೆ ಅಗೆಯುವ ಜೆಸಿಬಿ ಒಂದು. ಜಾಯಿಂಟ್ ಇನ್ನೊಂದು. ಫ್ಯಾಕ್ಟರಿಯಲ್ಲಿ ದೂಳಿಲ್ಲದ ಜಾಗದಲ್ಲಿ ತಯಾರಾದ ಕೇಬಲ್ಲನ್ನು ರಸ್ತೆ ಬದಿಯ ಗುಂಡಿಯಲ್ಲಿ, ಮಳೆ ಹನಿಯುವಾಗ ಜೋಡಿಸಿದರೆ ಏನಾದೀತು? ಒಳಗೆ ಸೇರಿದ ತೇವ ವರ್ಷಗಳ ಕಾಲ ಇನ್ಸುಲೇಷನ್ನಿನಲ್ಲಿ ಕವಲೊಡೆಯುತ್ತಾ ಹೋಗಿ ಒಂದು ದಿನ ಸಿಡಿಯುತ್ತದೆ. ಮೇಲಿನ ತಂತಿ ಹರಿದರೆ ಲೈನ್‌ಮನ್ ಕಣ್ಣಿಗೇ ಕಾಣುತ್ತದೆ. ಕೆಳಗಿನದಕ್ಕೆ ಫಾಲ್ಟ್ ಹುಡುಕುವ ವ್ಯಾನ್ ಬರಬೇಕು. ಹಾಗಾಗಿ ಕೇಬಲ್ ಹಾಕುವಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಎರಡನೇ ಕಡೆಯಿಂದ ಕರೆಂಟ್ ಕೊಡಲು ರಿಂಗ್ ಮೇನ್ ಯೂನಿಟ್ ಇಡುತ್ತಾರಾ? ಇಟ್ಟರೆ ಮುಖ್ಯ ಕೇಬಲ್‌ನ ರಿಪೇರಿ ನಡೆಯುವಾಗಲೂ ನಿಮ್ಮ ಮನೆಯಲ್ಲಿ ದೀಪ ಇರುವ ಸಾಧ್ಯತೆ ಹೆಚ್ಚು.

ಈಗ ಮನೆ. ಮೇಲೆ ಹೇಳಿದ ಬದಲಾವಣೆಗಳೆಲ್ಲ ದೊಡ್ಡ ಲೈನ್‌ಗಳದ್ದು, ಹಾಗಾಗಿ ಮನೆಯ ವೈರಿಂಗ್‌ಗೆ ಕಾಯುವ ಕಾರಣವಿಲ್ಲ. ಐಎಸ್ 694ರ (ಪಿವಿಸಿ ವೈರ್‌ನ ಭಾರತೀಯ ಸ್ಟ್ಯಾಂಡರ್ಡ್) ಐಎಸ್‌ಐ ಮುದ್ರೆ ಇರುವ ತಾಮ್ರದ ವೈರ್ ತೆಗೆದುಕೊಳ್ಳಿ. ಮುದ್ರೆಯ ಜೊತೆಗಿರುವ ಸಿಎಂ/ಎಲ್ ನಂಬರನ್ನು (ತಯಾರಕರ ಲೈಸೆನ್ಸ್ ನಂಬರ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಂಗಡಿಯವರು ತೋರಿಸಿದ ದುಬಾರಿ ವೈರ್ ಬಹುಶಃ ಎಚ್‌ಎಫ್‌ಎಫ್‌ಆರ್, ಅಂದರೆ ಕ್ಲೋರಿನ್‌ನಂಥ ಹ್ಯಾಲೋಜನ್ ಇಲ್ಲದ, ಬೆಂಕಿ ಹರಡದಂತೆ ತಡೆಯುವ ವೈರ್. ಅದರ ಸ್ಟ್ಯಾಂಡರ್ಡ್ ಐಎಸ್ 17048 ಬಂದಿದ್ದು 2018ರಲ್ಲಿ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಸುಡುತ್ತದೆ. ಎಚ್‌ಎಫ್‌ಎಫ್‌ಆರ್‌ನಲ್ಲಿ ಅದಿಲ್ಲ, ಹೊಗೆಯೂ ಕಡಿಮೆ. ನಾಲ್ಕಾರು ಮಹಡಿಯ ಅಪಾರ್ಟ್‌ಮೆಂಟ್ ಆಗಿದ್ದರೆ ಇದೇ ಹಾಕಿ ಅನ್ನುತ್ತಿದ್ದೆ. ನಿಮ್ಮದು ಬಿಡಿ ಮನೆ ಆಗಿದ್ದು, ಬಜೆಟ್ ಬಿಗಿಯಾಗಿದ್ದರೆ, ಆ ದುಡ್ಡು ಮೊದಲು ಒಳ್ಳೆಯ ಅರ್ಥಿಂಗ್‌ಗೆ ಮತ್ತು ಆರ್‌ಸಿಸಿಬಿಗೆ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಹೋಗಲಿ. ಕಾರ್ ನಿಲ್ಲಿಸುವ ಜಾಗಕ್ಕೆ ಒಂದು ದಪ್ಪ ಪೈಪ್ ಖಾಲಿ ಬಿಡಿಸಿ. ಎಲೆಕ್ಟ್ರಿಕ್ ಕಾರಿನ 7.4 ಕಿಲೋವ್ಯಾಟ್ ಚಾರ್ಜರ್ ಗಂಟೆಗಟ್ಟಲೆ 32 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಮುಂದೆ ಬೇರೆ ದಪ್ಪ ವೈರ್ ಎಳೆಯಬೇಕಾಗುತ್ತದೆ. ಆಗ ಗೋಡೆ ಒಡೆಯುವುದು ತಪ್ಪುತ್ತದೆ.

ಸೋಲಾರ್‌ಗೆ ಮನೆಯ ವೈರ್ ಬೇಡವೇ ಬೇಡ. ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗೆ ಡಿಸಿ ಇರುತ್ತದೆ, ಮೇಲೆ ಇಡೀ ದಿನ ಬಿಸಿಲು. ಸಾಮಾನ್ಯ ಪಿವಿಸಿ ಕೆಲವೇ ವರ್ಷದಲ್ಲಿ ಬಿರಿಯುತ್ತದೆ. ಐಎಸ್ 17293 ಅಂತ ಬರೆದಿರುವ ಸೋಲಾರ್ ಕೇಬಲ್ ಕೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿಕೊಳ್ಳಿ.

– ಸಂಪಾದಕ